ದುಂಡು ಕಟರ್, ಚೂಪು ಮೂಲೆ

ಮಿಲ್ಲಿಂಗ್ ಕಟರ್ ದುಂಡಗಿರುತ್ತದೆ. ವಾಚಿನ ಒಳಗಿನ ಕೈಕೆಲಸ ಮೇಲೋ, ಮಷೀನ್ ಕೆಲಸ ಮೇಲೋ ಅನ್ನುವ ವಾದವನ್ನು ಎಷ್ಟು ಬೇಕಾದರೂ ಬೆಳೆಸಬಹುದು. ಆ ವಾದದಲ್ಲಿ ಯಾರೂ ಅಲ್ಲಗಳೆಯಲಾಗದ ಸಂಗತಿ ಮಾತ್ರ ಇದೊಂದೇ ಅನ್ನಿಸುತ್ತದೆ ನನಗೆ.

ಕಟರ್ ತಿರುಗುತ್ತಾ ಲೋಹವನ್ನು ಕೊರೆಯುತ್ತದೆ. ಹೊರಮೂಲೆಯನ್ನು ಅದು ಚೂಪಾಗಿ ಬಿಡಬಲ್ಲದು. ಒಳಮೂಲೆಗೆ ಹೋದಾಗ ಮಾತ್ರ ತನ್ನ ದುಂಡನ್ನು ಅಲ್ಲೇ ಬಿಟ್ಟು ಬರುತ್ತದೆ. ಸಣ್ಣ ಕಟರ್ ಹಾಕಿದರೆ ದುಂಡು ಸಣ್ಣದಾಗುತ್ತದೆ, ಅಷ್ಟೇ. ಹೋಗುವುದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಹೊಸದಾಗಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷೀನ್, ಮುಂದೆ ನಿಂತ ಹುಡುಗನಿಗೂ ಇದು ಗೊತ್ತು. ಒಳಮೂಲೆಗೆ ರೇಡಿಯಸ್ ಕೊಡದೆ ಡ್ರಾಯಿಂಗ್ ಕಳಿಸಿದ ಡಿಸೈನರ್‌ಗೆ ಫೋನ್ ಮಾಡಿ ಬೈಯುವುದು ನಮ್ಮ ಕಡೆ ಮಾಮೂಲಿ.

ಈಗ ವಾಚಿನೊಳಗೆ ಬನ್ನಿ. ಗಾಲಿಗಳನ್ನು ಮೇಲಿನಿಂದ ಹಿಡಿದಿಡುವ ಲೋಹದ ತುಂಡುಗಳಿಗೆ ಬ್ರಿಡ್ಜ್ ಅನ್ನುತ್ತಾರೆ. ಒಳ್ಳೆಯ ವಾಚುಗಳಲ್ಲಿ ಆ ಬ್ರಿಡ್ಜಿನ ಅಂಚನ್ನು ಸುಮಾರು 45 ಡಿಗ್ರಿಗೆ ಇಳಿಜಾರು ಮಾಡಿ, ಮುಖ ಕಾಣುವಷ್ಟು ಪಾಲಿಶ್ ಮಾಡುತ್ತಾರೆ. ಸ್ವಿಸ್ ವಾಚುಗಾರರು ಇದನ್ನು ಆಂಗ್ಲಾಜ್ ಅನ್ನುತ್ತಾರೆ. ನಮ್ಮ ಶಾಪ್ ಫ್ಲೋರ್‌ನಲ್ಲಿ ಚ್ಯಾಂಫರ್ ಹೊಡೆಯೋದು. ಇಂಥ ಎರಡು ಇಳಿಜಾರುಗಳು ಒಂದು ಒಳಮೂಲೆಯಲ್ಲಿ ಬಂದು ಕೂಡುತ್ತವೆ ಅಂದುಕೊಳ್ಳಿ. ಕೂಡುವ ಕಡೆ ಒಂದು ತೆಳು ಗೆರೆ ಮೂಡಬೇಕು, ಚೂಪಾಗಿ, ನೇರವಾಗಿ. ತಿರುಗುವ ಟೂಲ್ ಆ ಗೆರೆ ಕೊಡಲಾರದು. ಅರ ಹಿಡಿದು ಕೂತ ಮನುಷ್ಯನೇ ಕೊಡಬೇಕು. ದುಬಾರಿ ವಾಚಿನ ಹುಚ್ಚಿರುವವರು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಮೊದಲು ಹುಡುಕುವುದು ಇದನ್ನೇ.

ನಾನು ವಾಚುಗಾರನಲ್ಲ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ನಾವು ಮಾಡುವುದು ಹೈಡ್ರಾಲಿಕ್ ವಾಲ್ವಿನ ಬಿಡಿಭಾಗಗಳನ್ನು. ವಾಚಿನ ಹುಚ್ಚು ಸುಮ್ನೆ ಪಕ್ಕದಲ್ಲಿ ಬೆಳೆದದ್ದು. ನನ್ನ ಸಂಬಳಕ್ಕೆ ಎಟುಕದ ವಾಚುಗಳನ್ನು ಫೋಟೋದಲ್ಲಿ ದೊಡ್ಡದು ಮಾಡಿ ನೋಡುತ್ತಾ ಕೂರುವ ಹುಚ್ಚು. ಹೆಂಡತಿಗೆ ಇದರಿಂದ ಖರ್ಚಿಲ್ಲ ಅನ್ನುವುದೇ ಸಮಾಧಾನ.

ಒಳಮೂಲೆ ಮಾಡುವ ಕ್ರಮ ಕೇಳಿದರೆ ಸುಲಭ ಅನ್ನಿಸುತ್ತದೆ. ಮೊದಲು ಅರ. ಆಮೇಲೆ ನಯವಾದ ಕಲ್ಲು, ಇನ್ನೂ ನಯವಾದ ಪೇಪರ್. ಆಮೇಲೆ ಮರದ ಕಡ್ಡಿಯ ತುದಿಗೆ ಡೈಮಂಡ್ ಪೇಸ್ಟ್ ಹಚ್ಚಿ ತಿಕ್ಕುವುದು. ಕೊನೆಯ ಹೊಳಪಿಗೆ ಜೆನ್ಷಿಯನ್ ಎಂಬ ಗಿಡದ ಒಣಗಿದ ಕಾಂಡ. ಸ್ವಿಟ್ಜರ್‌ಲೆಂಡಿನ ಜೂರಾ ಬೆಟ್ಟಗಳ ಹುಲ್ಲುಗಾವಲಿನಲ್ಲಿ ಹಳದಿ ಹೂ ಬಿಡುವ ಗಿಡ ಅದು. ಅದರ ಕಾಂಡ ಬೇಕಾದಷ್ಟೇ ಮೆತ್ತಗಿರುತ್ತದೆ. ಪೇಸ್ಟನ್ನು ಹಿಡಿದುಕೊಳ್ಳುತ್ತದೆ, ಇಳಿಜಾರಿನ ಆಕಾರಕ್ಕೆ ತಾನೇ ಬಗ್ಗಿಕೊಳ್ಳುತ್ತದೆ. ಜಪಾನಿನ ಶಿಯೋಜಿರಿಯಲ್ಲಿ ಸೈಕೊ ವಾಚು ಕಂಪನಿಯ ಮೈಕ್ರೋ ಆರ್ಟಿಸ್ಟ್ ಸ್ಟುಡಿಯೋ ಇದೆ. ಅಲ್ಲಿಯವರೂ ಇದೇ ಕಾಂಡ ಬಳಸುತ್ತಾರೆ. ಅವರಿಗೆ ದಾರಿ ತೋರಿಸಿದ್ದು ಸ್ವಿಟ್ಜರ್‌ಲೆಂಡಿನ ವಾಚುಗಾರ ಫಿಲಿಪ್ ದುಫೂರ್.

ಕಷ್ಟ ಇರುವುದು ಬೆರಳಿನಲ್ಲಿ. ಇಳಿಜಾರಿನ ಅಗಲ ಉದ್ದಕ್ಕೂ ಒಂದೇ ಸಮ ಇರಬೇಕು. ತೋರುಬೆರಳು ಒಂದು ಚೂರು ಜಾಸ್ತಿ ಒತ್ತಿದರೆ ಅಂಚು ಕರಗಿ ದುಂಡಗಾಗುತ್ತದೆ. ಒಳಮೂಲೆಯಲ್ಲಿ ಒಂದು ಕಡೆಯಿಂದ ತಿಕ್ಕುವಾಗ ಇನ್ನೊಂದು ಕಡೆಗೆ ತಾಗಿದರೆ ಗೆರೆ ಹಾಳು. ಲೋಹ ತೆಗೆಯಬಹುದು, ವಾಪಸ್ ಹಾಕಲಾಗುವುದಿಲ್ಲ. ಪೂರ್ತಿ ಮುಗಿದ ಬ್ರಿಡ್ಜ್ ಕೊನೇ ನಿಮಿಷದಲ್ಲಿ ಸ್ಕ್ರ್ಯಾಪ್ ಆಗಬಹುದು.

ಈ ದುಫೂರ್ ಜೂರಾ ಬೆಟ್ಟಗಳ ವಲ್ಲೇ ದ ಜೂ ಕಣಿವೆಯವರು. ಚಳಿಗಾಲದಲ್ಲಿ ಹಿಮ ಬಿದ್ದು ಹೊಲದ ಕೆಲಸ ನಿಂತಾಗ ರೈತರು ಮನೆಯ ಕಿಟಕಿ ಪಕ್ಕ ಕೂತು ವಾಚಿನ ಭಾಗಗಳನ್ನು ಮಾಡುತ್ತಿದ್ದ ಸೀಮೆ ಅದು. 2000ದಲ್ಲಿ ಅವರು ಸಿಂಪ್ಲಿಸಿಟಿ ಎಂಬ ವಾಚು ತಂದರು. ಹೆಸರಿಗೆ ತಕ್ಕ ಹಾಗೆ ಗಂಟೆ, ನಿಮಿಷ, ಸೆಕೆಂಡು ಬಿಟ್ಟರೆ ಬೇರೇನೂ ತೋರಿಸದ ವಾಚು. ಮಾಡಿದ್ದು 200ಕ್ಕಿಂತ ಸ್ವಲ್ಪ ಜಾಸ್ತಿ. 2020ರಲ್ಲಿ ಅದರ ಇಪ್ಪತ್ತನೇ ವರ್ಷದ ಒಂದು ವಾಚು ಜಿನೀವಾದ ಹರಾಜಿನಲ್ಲಿ 13 ಲಕ್ಷ ಸ್ವಿಸ್ ಫ್ರಾಂಕಿಗೂ ಮಿಕ್ಕಿ ಹೋಯಿತು. ಮುಳ್ಳು ಮೂರೇ. ಬೆಲೆ ಬಂದದ್ದು ಹಿಂಬದಿಯ ಈ ಕೈಕೆಲಸಕ್ಕೆ.

ಆದರೆ ಅಂಗಡಿಯಲ್ಲಿ ನಮಗೆ ತೋರಿಸುವುದು ಮೂಲೆಗಳನ್ನಲ್ಲ, ಪಟ್ಟೆಗಳನ್ನು.

ಒಂದು ಸಲ ಗೆಳೆಯನ ಜೊತೆ ಯುಬಿ ಸಿಟಿಗೆ ಹೋಗಿದ್ದೆ. ಕೊಳ್ಳುವವನು ಅವನು, ಬಾಯಿ ಬಿಡುವವನು ನಾನು. ಒಂದು ಅಂಗಡಿಯ ಹುಡುಗ ಬಿಳಿ ಗ್ಲೌಸ್ ಹಾಕಿಕೊಂಡು ವಾಚು ತಿರುಗಿಸಿ ಗಾಜಿನ ಬೆನ್ನು ತೋರಿಸಿದ. ಬ್ರಿಡ್ಜಿನ ಮೇಲೆ ಅಲೆಅಲೆಯಾಗಿ ಪಟ್ಟೆಗಳು. "ಎಲ್ಲಾ ಹ್ಯಾಂಡ್ ಫಿನಿಶ್ಡ್ ಸರ್" ಅಂದ. ಪಾಪ, ಅವನಿಗೆ ಹೇಳಿಕೊಟ್ಟದ್ದು ಅಷ್ಟು.

ಆ ಪಟ್ಟೆಗಳಿಗೆ ಕೋತ್ ದ ಜನೆವ್ ಅನ್ನುತ್ತಾರೆ. ಕೈಯಲ್ಲಿ ಮಾಡಿದ್ದು ಅನ್ನುವಾಗಲೂ ಅಲ್ಲಿ ಒಂದು ಮಷೀನ್ ಇದ್ದೇ ಇರುತ್ತದೆ. ತಿರುಗುವ ಬಿಲ್ಲೆಯೊಂದನ್ನು ಲೋಹದ ಮೇಲೆ ಹಾಯಿಸುತ್ತಾರೆ. ಒಂದು ಪಟ್ಟೆ ಮುಗಿದ ಮೇಲೆ ಸ್ಲೈಡನ್ನು ಅಳತೆ ಹಿಡಿದು ಸರಿಸಿ ಮುಂದಿನದು. ಸರಿಸುವವನು ಮನುಷ್ಯನಾದರೆ ಹ್ಯಾಂಡ್ ಫಿನಿಶ್, ಪ್ರೋಗ್ರಾಮ್ ಆದರೆ ಮಷೀನ್ ಫಿನಿಶ್. ಒಂದರ ಮೇಲೊಂದು ಹತ್ತಿಕೊಂಡ ಸಣ್ಣ ಸಣ್ಣ ವೃತ್ತಗಳ ಪೆರ್ಲಾಜ್ ಕೂಡ ಹೀಗೇ. ಡ್ರಿಲ್ಲಿಂಗ್ ಮಷೀನಿನಂಥದ್ದರಲ್ಲಿ ತಿರುಗುವ ಕಡ್ಡಿ, ಕೆಳಗೆ ತುಂಡನ್ನು ಜರುಗಿಸುವ ಕೈ. ಇದಕ್ಕೂ ಅಭ್ಯಾಸ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಪಟ್ಟೆಗೆ ಜಾಸ್ತಿ ದುಡ್ಡು ಕೊಡುವ ಮನಸ್ಸಿಲ್ಲ. ಒಳ್ಳೆಯ ಸಿಎನ್‌ಸಿ ಪಟ್ಟೆ, ಒಳ್ಳೆಯ ಕೈ ಪಟ್ಟೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ನಮ್ಮ ಮೈಕ್ರೋಸ್ಕೋಪಿನ ಕೆಳಗೂ ಒಂದು ಹೊತ್ತು ನೋಡಬೇಕಾದೀತು.

ಇಳಿಜಾರಿನ ವಿಷಯದಲ್ಲೂ ಮಷೀನ್ ಸುಮ್ಮನೆ ಕೂತಿಲ್ಲ. ಡೈಮಂಡ್ ತುದಿಯ ಕಟರ್ ಹಾಕಿ, ಐದು ಆ್ಯಕ್ಸಿಸ್ ಮಷೀನಿನಲ್ಲಿ ಹೊಡೆದ ಚ್ಯಾಂಫರ್ ಹೊರಗೆ ಬರುವಾಗಲೇ ಹೊಳೆಯುತ್ತಿರುತ್ತದೆ. ಲೂಪ್ ಹಿಡಿದರೆ ಕಟರ್ ನಡೆದ ಸಣ್ಣ ಗೆರೆಗಳು ಕಂಡಾವು. ಅಗಲ ಮಾತ್ರ ಅಳೆದಿಟ್ಟ ಹಾಗೆ. ವಾಚುಪ್ರಿಯರು ಇದನ್ನು ಜೀವ ಇಲ್ಲದ ಹೊಳಪು ಅನ್ನುತ್ತಾರೆ. ಇನ್ಸ್‌ಪೆಕ್ಷನ್ ಟೇಬಲ್ಲಿನವನಾದ ನನಗೆ ಅದು ಚೆಂದವೇ ಕಾಣುತ್ತದೆ. ಆ ಪ್ರೋಗ್ರಾಮ್ ಬರೆದವನೂ, ಕಟರ್ ಸವೆದದ್ದನ್ನು ಸದ್ದಿನಲ್ಲೇ ಗುರುತಿಸಿದವನೂ ಮನುಷ್ಯರೇ ಅಲ್ವಾ?

ನನ್ನನ್ನು ನಿಜವಾಗಿ ಸೋಲಿಸುವ ಕೈಕೆಲಸ ಬೇರೆ ಇದೆ. ಬ್ಲ್ಯಾಕ್ ಪಾಲಿಶ್. ಸ್ಕ್ರೂ ತಲೆ, ಗಂಟೆ ಹೊಡೆಯುವ ವಾಚಿನ ಸುತ್ತಿಗೆ, ಟೂರ್ಬಿಯೋನ್ ಎಂಬ ಸುತ್ತುವ ಪಂಜರದ ಬ್ರಿಡ್ಜ್, ಇಂಥ ಸ್ಟೀಲ್ ತುಂಡುಗಳಿಗೆ ಮಾಡುತ್ತಾರೆ. ತವರ ಅಥವಾ ಸತುವಿನ ಚಪ್ಪಟೆ ಬಿಲ್ಲೆಗೆ ನಯವಾದ ಪೇಸ್ಟ್ ಹಚ್ಚಿ, ತುಂಡನ್ನು ಬೋರಲು ಹಾಕಿ, ಬೆರಳಿನಲ್ಲಿ ಸಣ್ಣಗೆ ಸುತ್ತಿಸುತ್ತಾ ಹೋಗುವುದು. ಮೇಲ್ಮೈ ಎಷ್ಟು ಚಪ್ಪಟೆ ಆಗುತ್ತದೆ ಅಂದರೆ ಬಿದ್ದ ಬೆಳಕು ಪೂರ್ತಿ ಒಂದೇ ದಿಕ್ಕಿಗೆ ಹೋಗುತ್ತದೆ. ಆ ದಿಕ್ಕಿನಲ್ಲಿ ನಿಮ್ಮ ಕಣ್ಣಿದ್ದರೆ ಬೆಳ್ಳಗೆ ಮಿಂಚು. ವಾಚನ್ನು ಸ್ವಲ್ಪ ವಾಲಿಸಿದರೆ ಕಪ್ಪು, ಕಾಡಿಗೆ ಕಪ್ಪು. ಒಂದು ಧೂಳಿನ ಕಣ ನಡುವೆ ಸಿಕ್ಕಿದರೆ ಗೀರು, ಮತ್ತೆ ಮೊದಲಿಂದ. ಪೀಣ್ಯದಲ್ಲಿ ಮೆಟ್ರೋ ಕಂಬದ ಪಕ್ಕ ಕೂತು ಇದನ್ನು ಮಾಡಲು ಹೊರಟವನನ್ನು ನೆನೆಸಿಕೊಂಡು ಒಬ್ಬನೇ ನಕ್ಕಿದ್ದೇನೆ.

ನಮ್ಮ ಕಡೆಯವರಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಟೂಲ್ ರೂಮಿನಲ್ಲಿ ಅಳತೆಗೆ ಇಟ್ಟುಕೊಳ್ಳುವ ಸ್ಲಿಪ್ ಗೇಜುಗಳನ್ನೂ ಲ್ಯಾಪಿಂಗ್, ಅಂದರೆ ಹೀಗೇ ಪೇಸ್ಟಿನಲ್ಲಿ ತಿಕ್ಕುವುದು, ಮಾಡಿಯೇ ಸಿದ್ಧ ಮಾಡುವುದು. ಎರಡು ಗೇಜುಗಳನ್ನು ಒರೆಸಿ, ಒತ್ತಿ ಜಾರಿಸಿದರೆ ಅಂಟಿಲ್ಲದೆ ಕಚ್ಚಿಕೊಳ್ಳುತ್ತವೆ. ಅಷ್ಟು ಚಪ್ಪಟೆ. ಅದನ್ನು ನೋಡಿ ಯಾರೂ ಹರಾಜಿಗೆ ಇಟ್ಟಿಲ್ಲ. ಗೇಜ್ ಸರಿಯಾಗಿದ್ದರೆ ಸಾಕು, ಯಾರ ಬೆರಳು ಅನ್ನುವುದು ಬೇಡ.

ಇಷ್ಟಕ್ಕೂ ಇದೆಲ್ಲ ಶುರುವಾದದ್ದು ಚೆಂದಕ್ಕಲ್ಲ. ಲೋಹ ಕತ್ತರಿಸಿದಾಗ ಅಂಚಿನಲ್ಲಿ ಏಳುವ ಸಿಬಿರಿಗೆ ನಾವು ಬರ್ ಅನ್ನುತ್ತೇವೆ. ಅದು ಉದುರಿ ಗಾಲಿಯ ಹಲ್ಲಿಗೆ ಬಿದ್ದರೆ ವಾಚು ನಿಂತಿತು. ಹಾಗಾಗಿ ಅಂಚು ತೆಗೆದರು. ಪಾಲಿಶ್ ಮಾಡಿದ ಸ್ಟೀಲಿಗೆ ತುಕ್ಕು ಬೇಗ ಹಿಡಿಯುವುದಿಲ್ಲ, ಹಾಗಾಗಿ ಪಾಲಿಶ್. ಜಿನೀವಾ 1886ರಲ್ಲಿ ತನ್ನ ಊರಿನ ವಾಚುಗಳಿಗೆ ಮುದ್ರೆ ಒತ್ತುವ ಕಾನೂನು ತಂದಿತು. ಇಂದಿಗೂ ಆ ಮುದ್ರೆ ಬೇಕಾದರೆ ಅಂಚುಗಳಿಗೆ ಇಳಿಜಾರು, ಪಾಲಿಶ್ ಇರಲೇಬೇಕು.

ಮಷೀನ್ ಫಿನಿಶ್ ಅಂದರೆ ಕೀಳು ಅನ್ನುವ ಭಾವನೆಯೂ ಹಳೆಯದಲ್ಲ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಪಾಕೆಟ್ ವಾಚುಗಳನ್ನು ನೋಡಿ. ವಾಲ್ಥಂ ಮುಂತಾದ ಕಾರ್ಖಾನೆಗಳು ಒಂದರ ಭಾಗ ಇನ್ನೊಂದಕ್ಕೆ ಕೂರುವ ಹಾಗೆ ಮಷೀನಿನಲ್ಲಿ ವಾಚು ಮಾಡಿದವು. ಬ್ರಿಡ್ಜಿನ ಮೇಲೆ ಮಷೀನಿನಲ್ಲೇ ಸುಳಿ, ಕಿರಣ, ಅಲೆ ಬಿಡಿಸಿದವು. ಡಮಾಸ್ಕೀನಿಂಗ್ ಅನ್ನುತ್ತಾರೆ ಅದಕ್ಕೆ. ಯಾರೂ ನಾಚಿಕೊಂಡಿರಲಿಲ್ಲ, ಅದು ಅವರ ಹೆಮ್ಮೆ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಇದನ್ನೆಲ್ಲ ನೋಡಿದ ಲಾಂಜಿನ್ ಕಂಪನಿಯ ಜಾಕ್ ದಾವಿದ್ ಗಾಬರಿ ಬಿದ್ದು, ನಾವೂ ಮಷೀನ್ ತರದಿದ್ದರೆ ಉಳಿಗಾಲ ಇಲ್ಲ ಎಂದು ತನ್ನವರಿಗೆ ವರದಿ ಕೊಟ್ಟ.

ಕೈಯ ಬೆಲೆ ಏರಿದ್ದು ಆಮೇಲೆ. 1969ರ ಡಿಸೆಂಬರಿನಲ್ಲಿ ಸೈಕೊ ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಜ್ ವಾಚು ತಂದಿತು. ಸರಿಯಾದ ಟೈಮ್ ತೋರಿಸುವ ಪಂದ್ಯದಲ್ಲಿ ಕೀ ಕೊಡುವ ವಾಚು ಶಾಶ್ವತವಾಗಿ ಸೋತಿತು. ಕ್ರೊನೋಮೀಟರ್ ಎಂಬ ಸ್ವಿಸ್ ಸರ್ಟಿಫಿಕೇಟ್ ಸಿಗುವುದಕ್ಕೆ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಆಗಬಹುದು. ಫುಟ್‌ಪಾತ್ ಮೇಲಿನ ಕ್ವಾರ್ಟ್ಜ್ ವಾಚು ಇದನ್ನು ಆರಾಮಾಗಿ ಮೀರಿಸುತ್ತದೆ. ಟೈಮ್ ಮಾರುವ ಹಾಗಿಲ್ಲ ಅಂದಮೇಲೆ ಬೇರೇನೋ ಮಾರಬೇಕಲ್ಲ? ಹಿಂಬದಿಗೆ ಗಾಜು ಬಂತು. ಗಾಜಿನ ಹಿಂದೆ ಕಾಣುವುದಕ್ಕೆ ಪಟ್ಟೆ ಬಂತು, ಮೂಲೆ ಬಂತು, ಕೈ ಬಂತು. ಇದರಲ್ಲಿ ಮೋಸ ಇದೆ ಅಂತ ನಾನು ಹೇಳುತ್ತಿಲ್ಲ. ದಿನಕ್ಕೆ 2 ಸೆಕೆಂಡಿನ ಒಳಗೆ ನಡೆಯುತ್ತದೆ ಎಂದು ಮಾತು ಕೊಡುವ ರೋಲೆಕ್ಸ್ ಒಳಗಿನ ಕೆಲಸ ಬಹುಪಾಲು ಮಷೀನಿನದು. ಚೆಂದಕ್ಕೂ ಟೈಮಿಗೂ ನೆಂಟಸ್ತಿಕೆ ಇಲ್ಲ, ಅಷ್ಟೇ.

ಬೆಂಗಳೂರಿನವರಾದ ನಮಗೆ ಇದು ಇನ್ನೊಂದು ರೀತಿಯಲ್ಲಿ ತಮಾಷೆ. 1953ರಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್, ನಮ್ಮ ಎಚ್‌ಎಂಟಿ, ಇಲ್ಲಿ ಶುರುವಾದಾಗ ಕೈಜೋಡಿಸಿದ್ದು ಓರ್ಲಿಕಾನ್ ಎಂಬ ಸ್ವಿಸ್ ಕಂಪನಿ. ಸ್ವಿಸ್ಸರು ನಮಗೆ ಲೇತ್ ಮಾಡುವುದನ್ನು ಕಲಿಸಿದರು. ವಾಚು ಮಾಡುವುದನ್ನು ಕಲಿಸಿದ್ದು ಜಪಾನಿನ ಸಿಟಿಜನ್, 1961ರಲ್ಲಿ. ಎಚ್‌ಎಂಟಿ ಜನತಾದ ಮುಚ್ಚಳ ಬಿಚ್ಚಿದರೆ 17 ಜ್ಯುವೆಲ್‌ಗಳ, ಅಂದರೆ ತಿಕ್ಕಾಟ ಕಡಿಮೆ ಮಾಡುವ ಪುಟ್ಟ ಕಲ್ಲುಗಳ, ಸಾದಾ ಒಳಯಂತ್ರ. ಇಳಿಜಾರಿಲ್ಲ, ಕಪ್ಪು ಹೊಳಪಿಲ್ಲ. ಯಾರಿಗೂ ಅದು ಕೊರತೆ ಅನ್ನಿಸಲಿಲ್ಲ, ಹಿಂಬದಿ ಸ್ಟೀಲಿನದಲ್ವಾ. ವಾಚು ವಿಭಾಗ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ವಾಚುಗಳು ಮಾತ್ರ ಇನ್ನೂ ನಡೆಯುತ್ತಿವೆ.

ಅವೆನ್ಯೂ ರೋಡಿನ ಪಕ್ಕದ ಗಲ್ಲಿಯಲ್ಲಿ ನನಗೆ ಪರಿಚಯದ ರಿಪೇರಿಯವರೊಬ್ಬರಿದ್ದಾರೆ. ದುಬಾರಿ ಫಿನಿಶ್ ಬಗ್ಗೆ ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. "ನೋಡೋಕೆ ಚೆಂದ ಸಾರ್, ಬಿಚ್ಚೋನಿಗೆ ಶನಿ. ಸ್ಕ್ರೂಡ್ರೈವರ್ ಒಂದ್ಸಲ ಜಾರಿದ್ರೆ ಮುಗೀತು. ಎಚ್‌ಎಂಟಿ ಮಷೀನಾದ್ರೆ ಜಾರಿದ್ರೂ ಅದು ಬೇಜಾರ್ ಮಾಡ್ಕೊಳಲ್ಲ." ಅವರು ಗೌರವ ಕೊಡುವ ಪಾಲಿಶ್ ಒಂದೇ, ಪಿವಟ್‌ನದು. ಗಾಲಿಯ ಅಚ್ಚಿನ ತುದಿ ಅದು, ಬ್ಯಾಲೆನ್ಸ್ ಗಾಲಿಯಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ, ಇಲ್ಲವೇ ಅದಕ್ಕೂ ತೆಳ್ಳಗೆ. ಅದನ್ನು ಗಟ್ಟಿ ಸ್ಟೀಲಿನ ಪಟ್ಟಿಯಿಂದ ಉಜ್ಜಿದರೆ ಮೇಲ್ಮೈ ಒತ್ತಿಕೊಂಡು ಇನ್ನೂ ಗಟ್ಟಿಯಾಗುತ್ತದೆ, ತಿಕ್ಕಾಟ ಕಡಿಮೆಯಾಗುತ್ತದೆ. ಜ್ಯುವೆಲ್ ಒಳಗೆ ಕೂತಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. "ಅದನ್ ಮಾಡಿದ್ರೆ ವಾಚ್ ಓಡತ್ತೆ. ಮಿಕ್ಕಿದ್ದು ಶೋಕಿ" ಅನ್ನುತ್ತಾರೆ. ಪೂರ್ತಿ ಒಪ್ಪುವುದಿಲ್ಲ ನಾನು. ಶೋಕಿಗೂ ಮರ್ಯಾದೆ ಇದೆ.

ಇನ್ನು ನನ್ನ ತಲೆ ಕೊರೆಯುವ ವಿಷಯಕ್ಕೆ ಬರುತ್ತೇನೆ.

ನಮ್ಮ ವರ್ಕ್‌ಶಾಪಿನ ಕೊನೆಯಲ್ಲಿ ಒಂದು ಉದ್ದ ಬೆಂಚಿದೆ. ಟ್ಯೂಬ್‌ಲೈಟ್ ಕೆಳಗೆ, ಭೂತಗನ್ನಡಿ ಇಟ್ಟುಕೊಂಡು ಕೂತವರು ಡೀಬರಿಂಗ್, ಅಂದರೆ ಬರ್ ತೆಗೆಯುವ ಕೆಲಸ, ಮಾಡುತ್ತಾರೆ. ಹೆಚ್ಚಿನವರು ಹೆಂಗಸರು. ಹೈಡ್ರಾಲಿಕ್ ವಾಲ್ವಿನಲ್ಲಿ ಸ್ಪೂಲ್ ಅನ್ನುವ ಉರುಟು ಭಾಗ ಇರುತ್ತದೆ. ಅದರ ಅಂಚಿನಲ್ಲಿ ಬರ್ ಇದ್ದರೆ ವಾಲ್ವ್ ಕಚ್ಚಿಕೊಳ್ಳುತ್ತದೆ. ಹಾಗಂತ ಅಂಚು ದುಂಡಗಾದರೆ ಎಣ್ಣೆಯ ಹರಿವು ಹಿಡಿತ ತಪ್ಪುತ್ತದೆ. ಬರ್ ಹೋಗಬೇಕು, ಅಂಚು ಚೂಪಾಗಿಯೇ ಉಳಿಯಬೇಕು. ಸಣ್ಣ ಕಲ್ಲಿನ ಕಡ್ಡಿ ಹಿಡಿದು, ಬೆರಳಿನ ಭಾರ ನೋಡಿಕೊಂಡು ಮಾಡುವ ಕೆಲಸ. ಜೂರಾ ಕಣಿವೆಯಲ್ಲಿ ಇಳಿಜಾರಿನ ಅಂಚು ಕರಗದ ಹಾಗೆ ನೋಡಿಕೊಳ್ಳುವ ಬೆರಳಿಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ವ್ಯತ್ಯಾಸ ಇರುವುದು ಬಿಲ್ಲಿನಲ್ಲಿ. ಅಲ್ಲಿ ಕೈ ತಾಗಿದೆ ಅಂದರೆ ಬೆಲೆ ಏರುತ್ತದೆ. ಇಲ್ಲಿ ಕೈ ತಾಗಿದ್ದು ಗೊತ್ತಾದರೆ ರಿಜೆಕ್ಟ್. ಒಂದು ಗಿರಾಕಿ ಕಂಪನಿ ನಮ್ಮ ಇಡೀ ಲಾಟ್ ವಾಪಸ್ ಕಳಿಸಿತ್ತು. ಸೈಜ್ ಸರಿ ಇತ್ತು, ಅಂಚೂ ಸರಿ ಇತ್ತು. ಒಂದಷ್ಟು ಪೀಸುಗಳ ಮೇಲೆ ಕೈಯಲ್ಲಿ ಉಜ್ಜಿದ ಗುರುತು ಕಾಣುತ್ತದೆ, ನಿಮ್ಮ ಪ್ರೋಸೆಸ್ ಕಂಟ್ರೋಲಿನಲ್ಲಿಲ್ಲ ಅನ್ನುವುದು ಅವರ ತಕರಾರು. ಆ ಪತ್ರಕ್ಕೆ ಉತ್ತರ ಬರೆದದ್ದು ನಾನೇ. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ ಅಂತ.

ಗ್ರೂಬೆಲ್ ಫೋರ್ಸಿ ಎಂಬ ಸ್ವಿಸ್ ಕಂಪನಿ 2019ರಲ್ಲಿ ಹ್ಯಾಂಡ್ ಮೇಡ್ 1 ಎಂಬ ವಾಚು ತಂದಿತು. ನೂರಕ್ಕೆ 95 ಭಾಗ ಕೈಯಲ್ಲೇ, ಒಂದು ವಾಚಿಗೆ 6,000 ಗಂಟೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಅಂದರೆ ಒಬ್ಬ ಮನುಷ್ಯನ ಮೂರು ವರ್ಷ. ಅವರು ಗಂಟೆ ಲೆಕ್ಕ ಹೇಳಿದ್ದು ನನಗೆ ಹಿಡಿಸಿತು. ಹ್ಯಾಂಡ್ ಫಿನಿಶ್ಡ್ ಅನ್ನುವ ಬೋಳು ಮಾತಿಗಿಂತ ಇದು ಎಷ್ಟೋ ವಾಸಿ. ಕೊಳ್ಳುವವನು ಕೊಡುವ ದುಡ್ಡು ಯಾರದೋ ಸಮಯಕ್ಕೆ ಅಂತಾದರೂ ಗೊತ್ತಾಗುತ್ತದೆ.

ಸ್ವಿಸ್ ಮೇಡ್ ಅಂತ ಬರೆದುಕೊಳ್ಳಲು 2017ರಿಂದ ತಯಾರಿಕೆಯ ಖರ್ಚಿನಲ್ಲಿ ಕಡೇಪಕ್ಷ ನೂರಕ್ಕೆ 60 ಭಾಗ ಸ್ವಿಟ್ಜರ್‌ಲೆಂಡಿನದಾಗಿರಬೇಕು. ಉಳಿದದ್ದು ಎಲ್ಲಿಂದಲೂ ಬರಬಹುದು. ಕೆಡಿಡಿಎಲ್ ಎಂಬ ಕಂಪನಿ ಬೆಂಗಳೂರಿನಲ್ಲಿ ವಾಚಿನ ಮುಳ್ಳುಗಳನ್ನು ಮಾಡುತ್ತದೆ, ಸ್ವಿಸ್ ಬ್ರ್ಯಾಂಡುಗಳಿಗೂ ಕೊಡುತ್ತದೆ. ಯುಬಿ ಸಿಟಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತ ಯಾವುದೋ ವಾಚಿನ ಮುಳ್ಳು ಇದೇ ಊರಿಂದ ಹೋಗಿ, ಆಲ್ಪ್ಸ್ ನೋಡಿಕೊಂಡು ವಾಪಸ್ ಬಂದಿದ್ದರೂ ಬಂದಿರಬಹುದು. ಅಂಗಡಿಯ ಹುಡುಗ ಅದನ್ನು ಹೇಳುವುದಿಲ್ಲ.

ಬೆಂಚಿನಲ್ಲಿ ಹಿರಿಯರಾದ ಅಕ್ಕನಿಗೆ ಒಂದು ದಿನ ಊಟದ ಹೊತ್ತಿನಲ್ಲಿ ಫೋನಿನಲ್ಲಿ ಒಂದು ಒಳಮೂಲೆಯ ಫೋಟೋ ತೋರಿಸಿದೆ. ಕನ್ನಡಕ ಏರಿಸಿ, ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. "ಒಂದ್ ಪೀಸಿಗೆ ಎಷ್ಟೊತ್ತು ಕೊಡ್ತಾರೆ ಸರ್?" ಇಂಥ ಒಂದು ಬ್ರಿಡ್ಜಿಗೆ ದಿನಗಟ್ಟಲೆ ಹಿಡಿಯಬಹುದು ಅಂದೆ. "ಅಷ್ಟೊತ್ತು ಕೊಟ್ರೆ ಬಿಡಿ" ಅಂದು ಡಬ್ಬಿ ತೊಳೆಯಲು ಹೋದರು. ನಾವು ಅವರಿಗೆ ಕೊಡುವುದು ಪೀಸ್ ರೇಟ್.

ಈಗ ನಮ್ಮಲ್ಲಿ ಥರ್ಮಲ್ ಡೀಬರಿಂಗ್ ಮಷೀನ್ ತರುವ ಮಾತು ನಡೆದಿದೆ. ಭಾಗಗಳನ್ನು ಒಂದು ಗಟ್ಟಿ ಕೋಣೆಯೊಳಗೆ ಇಟ್ಟು, ಗ್ಯಾಸ್ ತುಂಬಿ ಹೊತ್ತಿಸುತ್ತಾರೆ. ಕ್ಷಣದಲ್ಲಿ ಬರ್ ಸುಟ್ಟುಹೋಗುತ್ತದೆ, ದಪ್ಪ ಲೋಹಕ್ಕೆ ಏನೂ ಆಗುವುದಿಲ್ಲ. ವಾಲ್ವ್ ಬಾಡಿಯ ಒಳಗೆ ತೂತಿಗೆ ತೂತು ಅಡ್ಡ ಸೇರುವ ಕಡೆ ಕೈ ಹೋಗುವುದೇ ಇಲ್ಲ, ಅಲ್ಲಿಗೆ ಇದು ಹೇಳಿಮಾಡಿಸಿದ್ದು. ಬೇಕೋ ಬೇಡವೋ ಅಂತ ರಿಪೋರ್ಟ್ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಾಡಿಗಳಿಗೆ ಮಷೀನ್ ಬರಲಿ ಎಂದು ಬರೆದೆ. ಅದರಲ್ಲಿ ನನಗೆ ಯಾವ ಸಂಕಟವೂ ಇರಲಿಲ್ಲ. ಕಾಣದ ತೂತಿನೊಳಗೆ ಕಡ್ಡಿ ತೂರಿಸಿ ಕಣ್ಣು ಹಾಳುಮಾಡಿಕೊಳ್ಳುವುದರಲ್ಲಿ ಯಾವ ಕಲೆಯೂ ಇಲ್ಲ. ಸ್ಪೂಲ್ ಮಾತ್ರ ಬೆಂಚಿನಲ್ಲೇ ಇರಲಿ, ಸುಟ್ಟರೆ ಚೂಪು ಅಂಚಿನ ಭರವಸೆ ಇಲ್ಲ ಎಂದು ಬರೆದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಸ್ಪೂಲ್ ಕೆಲಸವನ್ನು ಪೀಸ್ ರೇಟಿನಿಂದ ತೆಗೆದು ತಿಂಗಳ ಸಂಬಳಕ್ಕೆ ಹಾಕಬೇಕು ಅಂತ.

ಯಜಮಾನರು ರಿಪೋರ್ಟ್ ಪೂರ್ತಿ ಓದಿದರು. ಆ ಸಾಲಿಗೆ ಪೆನ್ನಿನಲ್ಲಿ ಸುತ್ತು ಹಾಕಿದರು. "ಇದು ಕ್ವಾಲಿಟಿ ರಿಪೋರ್ಟ್ ಅಲ್ವೇನ್ರೀ? ಇದ್ಯಾಕೆ ಇಲ್ಲಿ ಬಂತು?" ಅಂದರು. ರಿಜೆಕ್ಟ್ ಆದ ಲಾಟಿನ ಕಾಗದ ತೆಗೆದು ಮುಂದಿಟ್ಟೆ. ಗಡಿಬಿಡಿಯಲ್ಲಿ ಉಜ್ಜಿದರೆ ಗುರುತು ಬೀಳುತ್ತೆ ಸರ್, ಲೆಕ್ಕ ಹಾಕಿ ನೋಡಿ ಅಂದೆ. ಮಷೀನಿನ ಕೊಟೇಶನ್ ಪಾಸಾಗಿದೆ. ಆ ಸಾಲಿನ ಬಗ್ಗೆ ಏಪ್ರಿಲ್‌ನಲ್ಲಿ ನೋಡೋಣ ಅಂದಿದ್ದಾರೆ.